ಬಲ ಹೆಗಲಿನ ಸೆರಗು

ಫೋಟೋದಲ್ಲಿರುವವರಿಗೂ ಮನಸ್ಸಿರುತ್ತದೆ ಎಂದೆಲ್ಲ ಯಾರಾದರೂ ಹೇಳಿದರೆ ನಾನು ಮುಖದೆದುರೇ ನಕ್ಕುಬಿಡುತ್ತಿದ್ದೆ. ದಿನವಿಡೀ ಹಳೆಯ ಚಿತ್ರಗಳ ಜೊತೆ ಇರುವವನು ಹಾಗೆಲ್ಲ ನಂಬಿಕೊಂಡು ಕೂತರೆ ಕೆಲಸ ಸಾಗುವುದಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಯಲಹಂಕದ ಒಂದು ಕಾಲೇಜಿನ ಲೈಬ್ರರಿಯಲ್ಲಿ ನನ್ನ ಕೆಲಸ. ಮುಚ್ಚಿಹೋದ ಸ್ಟುಡಿಯೋ ಒಂದರ ಗಾಜಿನ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿಸಿ, ಗಾಜುಗಳನ್ನು ಆ ಮನೆಯವರಿಗೆ ಹಿಂತಿರುಗಿಸಿದ್ದೆವು. ಚಿತ್ರಗಳ ಓರೆ ತಿದ್ದಿ, ಅಂಚು ಕತ್ತರಿಸಿ ವೆಬ್‌ಸೈಟಿಗೆ ಏರಿಸುವುದು ನನ್ನ ಪಾಲಿಗೆ ಬಂದಿತ್ತು. ಗಾಜನ್ನು ಮಗುಚಿಟ್ಟು ಸ್ಕ್ಯಾನ್ ಮಾಡಿದರೆ ಕನ್ನಡಿಯಲ್ಲಿ ಕಂಡಂತೆ ಎಡ ಬಲವಾಗುತ್ತದೆ. ಅದನ್ನು ಪತ್ತೆಹಚ್ಚಲು ನನ್ನದೊಂದು ಸುಲಭ ಉಪಾಯವಿತ್ತು. ಹೆಂಗಸಿನ ಸೆರಗು ಬಲ ಹೆಗಲ ಮೇಲಿದ್ದರೆ ಚಿತ್ರ ಉಲ್ಟಾ ಆಗಿದೆ ಎಂದು ತಿರುಗಿಸಿಬಿಡುತ್ತಿದ್ದೆ.

ಆಗಲೇ ರಾಜಾನುಕುಂಟೆಯ ಮುನಿಶಾಮಪ್ಪ ಎಂಬ ಹಿರಿಯರು ಹುಡುಕಿಕೊಂಡು ಬಂದರು. ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು. ಆಕೆ ಆ ಸ್ಟುಡಿಯೋದಲ್ಲಿ ಒಮ್ಮೆ ಫೋಟೋ ತೆಗೆಸಿಕೊಂಡಿದ್ದರು, ಎಡಗೆನ್ನೆಯ ಮೇಲೆ ದೊಡ್ಡ ಮಚ್ಚೆಯಿತ್ತು. ಸೋದರತ್ತೆ ಹೇಳಿದ ಇಷ್ಟೇ ಅವರಿಗೆ ಗೊತ್ತಿದ್ದದ್ದು.

“ಕಣ್ಣು ಮಂಜಾಗ್ತಾ ಅವೆ ಕಣಪ್ಪ. ಪೂರ್ತಿ ಓಗೋಕ್ ಮುಂಚೆ ಅವ್ವನ ಮೊಕ ಒಂದ್ಸಲ ನೋಡ್ಬೇಕು” ಎಂದರು.

ಅವರ ದನಿ ಕೇಳಿ ನನಗೆ ಸಂಕಟವಾಯಿತು. ಏನಾದರಾಗಲಿ, ಹುಡುಕಿಯೇ ತೀರಬೇಕೆಂದು ಹಟ ಹಿಡಿದೆ.

ಒಂದು ಚಿತ್ರದಲ್ಲಿ ಬಲ ಹೆಗಲಿನ ಸೆರಗಿನ ಹೆಂಗಸೊಬ್ಬಳು ಕುರ್ಚಿಯ ಮೇಲೆ ಕೂತಿದ್ದಳು. ಎಡಗೆನ್ನೆಯಲ್ಲಿ ಮಚ್ಚೆಯೂ ಇತ್ತು. ಎಂದಿನಂತೆ ತಿರುಗಿಸಿದಾಗ ಮಚ್ಚೆ ಬಲಗೆನ್ನೆಗೆ ಹೋಯಿತು. ಹಾಗಾದರೆ ಈಕೆಯಲ್ಲ ಎಂದು ಸೇವ್ ಮಾಡಿ ಮುಂದೆ ಹೋದೆ. ಊಟ ಮುಗಿಸಿ ಬಂದು ನೋಡಿದರೆ ಸೆರಗು ಮತ್ತೆ ಬಲಕ್ಕೇ ಇತ್ತು. ಮತ್ತೆ ತಿರುಗಿಸಿದೆ. ತೆರೆದು ನೋಡಿದರೆ ಮತ್ತೆ ಬಲಕ್ಕೆ.

“ಸರ್, ಸೇವ್ ಆಗಿರಲ್ಲ, ಬೇರೆ ಸಿಸ್ಟಮ್‌ನಲ್ಲಿ ಟ್ರೈ ಮಾಡಿ” ಎಂದಳು ಸಹೋದ್ಯೋಗಿ ಶೋಭಾ. ಅಲ್ಲೂ ಅದೇ ಕಥೆ. ಅವತ್ತು ತಿರುಗಿಸಿದ್ದ ಬೇರೆ ಚಿತ್ರಗಳೆಲ್ಲ ತೆಪ್ಪಗಿದ್ದವು, ಇದೊಂದೇ ಮಾತು ಕೇಳುತ್ತಿರಲಿಲ್ಲ. ನಾನೇನು ಕಡಿಮೆ ಮೊಂಡನೇ? ಮಾರನೆಯ ದಿನವೂ ಅದನ್ನೇ ಹಿಡಿದು ಕೂತೆ.

ವಿಚಾರಿಸಿಕೊಂಡು ಹೋಗಲು ಬಂದ ಮುನಿಶಾಮಪ್ಪನವರು ನನ್ನ ಬೆನ್ನ ಹಿಂದೆ ನಿಂತದ್ದೇ ನನಗೆ ಗೊತ್ತಾಗಲಿಲ್ಲ.

“ತಿರುಗಿಸ್ಬ್ಯಾಡ ಕಣಪ್ಪ! ನಮ್ಮ ಮನೆ ಎಣ್ಮಕ್ಳು ಬಲಕ್ಕೇ ಸೆರಗು ಆಕ್ತಿದ್ದಿದ್ದು.”

ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಮಚ್ಚೆ ಎಡಗೆನ್ನೆಯಲ್ಲೇ ಇತ್ತು. ಅವರು ಪರದೆಗೆ ಮುಖ ತಾಗುವಷ್ಟು ಹತ್ತಿರ ಬಗ್ಗಿ, “ಅವ್ವಾ” ಎಂದರು. ನಾನೂ ಶೋಭಾಳೂ ಅವರನ್ನು ಬಿಟ್ಟು ಹೊರಗೆ ಬಂದು ನಿಂತೆವು. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

ಅವರು ಹೋದ ಮೇಲೂ ನನ್ನ ತಲೆ ಸುಮ್ಮನಿರಲಿಲ್ಲ. ಕಂಪ್ಯೂಟರಿನ ದೋಷವೇ ಇರಬೇಕು, ಪರೀಕ್ಷಿಸಿಯೇಬಿಡೋಣ ಎಂದು ಅದೇ ಚಿತ್ರವನ್ನು ಇನ್ನೊಮ್ಮೆ ತಿರುಗಿಸಿ ಸೇವ್ ಮಾಡಿದೆ. ಮುಚ್ಚಿ ತೆರೆದೆ. ಸೆರಗು ಎಡಕ್ಕಿತ್ತು. ಮರುದಿನ ಬೆಳಿಗ್ಗೆಯೂ ಎಡಕ್ಕೇ ಇತ್ತು, ಯಾವ ತಕರಾರೂ ಇಲ್ಲದೆ.

ಈ ಸಲ ನಾನೇ ಅದನ್ನು ಬಲಕ್ಕೆ ತಿರುಗಿಸಿದೆ.