ಮೌಸ್ ಮುಟ್ಟದ ವೈನಿ

ವೈನಿಯವರ ಬಲಗಣ್ಣು ಎಡಗಣ್ಣಿಗಿಂತ ಕಿರಿದು. ನಿಪ್ಪಾಣಿಯ ಫೋಟೊ ಸ್ಟುಡಿಯೋದಲ್ಲಿ ಇಪ್ಪತ್ತು ವರ್ಷ ನೆಗೆಟಿವ್‌ಗಳ ಮೇಲೆ ಬಾಗಿ, ಸೂಜಿಯಂತೆ ಹೆರೆದ ಪೆನ್ಸಿಲಿನಿಂದ ಊರವರ ಮುಖದ ಕಲೆಗಳನ್ನು ಮುಚ್ಚಿ ಮುಚ್ಚಿ ಆ ಕಣ್ಣು ಹಾಗೆಯೇ ನಿಂತುಬಿಟ್ಟಿತ್ತು. ಮಾಲೀಕರನ್ನು ನಾನು ಅಣ್ಣಾರು ಎನ್ನುತ್ತಿದ್ದೆ. ಹಾಗಾಗಿ ಅವರ ಹೆಂಡತಿ ನನಗೆ ವೈನಿ, ಎಂದರೆ ಅತ್ತಿಗೆ. ಊರಿನ ಎಷ್ಟೋ ಹುಡುಗಿಯರ ಲಗ್ನ ಕೂಡಿಬಂದದ್ದು ತಮ್ಮ ಪೆನ್ಸಿಲಿನಿಂದಲೇ ಎಂದು ನಗುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಸ್ಟುಡಿಯೋಕ್ಕೆ ಕಂಪ್ಯೂಟರ್ ಬಂತು. ಮದುವೆಯ ವಿಡಿಯೊದಲ್ಲಿ ಬೀಗರನ್ನು ಮಂಟಪದಿಂದ ಎತ್ತಿ ಮೋಡದ ಮೇಲೆ ನಡೆಸುವ ಹುಚ್ಚು ಆಗ ಎಲ್ಲರಿಗೂ. ಅದಕ್ಕೆ ಒಬ್ಬೊಬ್ಬರ ಸುತ್ತಲೂ ಚುಕ್ಕಿಯಿಟ್ಟು ಗೆರೆ ಎಳೆದು ಹಿಂದಿನದನ್ನೆಲ್ಲ ಮರೆಮಾಡಬೇಕು. ಇದೇ ಮಾಸ್ಕ್. ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಪ್ರತಿ ಚಿತ್ರಕ್ಕೂ ಗೆರೆ ಸರಿಸಬೇಕು. ಕೌಂಟರಿನಲ್ಲಿ ಫೋಟೊ ಕವರುಗಳ ಮೇಲೆ ಹೆಸರು ಬರೆದು ಬರೆದು ಬೇಸತ್ತಿದ್ದ ನಾನು ಆ ಕೆಲಸಕ್ಕಾಗಿ ಅಣ್ಣಾರಿಗೆ ಗಂಟುಬಿದ್ದೆ.

“ಒಂದ ಶಾಟ್ ಕೊಡ್ತೀನಿ. ಕೆಟ್ಟರ ತಿರಗಿ ಕೌಂಟರ್,” ಎಂದರು ಅಣ್ಣಾರು.

ಹತ್ತಿರದ ಭೋಜ ಊರಿನ ಜೈನರೊಬ್ಬರ ಮನೆಯ ಮದುವೆ. ಮದುಮಗನ ಅಜ್ಜಿಯನ್ನು ಮನೆಯವರೆಲ್ಲ ಆಯಿ ಎನ್ನುತ್ತಿದ್ದರು. ಆಯಿ ಮದುಮಗಳ ಕೈಹಿಡಿದು ನಡೆಯುವ ನಾಲ್ಕು ಸೆಕೆಂಡು ನನ್ನ ಪಾಲಿಗೆ ಬಂತು. ನೂರು ಚಿತ್ರ! ವಾರವಿಡೀ ಕೂತು ಮುಗಿಸಿದೆ. ಆಯಿ ಮೋಡದ ಮೇಲೆ ಹೆಜ್ಜೆಯಿಟ್ಟಾಗ ನಾನೇ ಹಾರಿಹೋಗುವುದೊಂದು ಬಾಕಿ.

ಬೆಳಿಗ್ಗೆ ವೈನಿ ಬಂದು ನೋಡಿದರು. “ಆಯಿ ಸೆರಗ ಎಲ್ಲೈತಿ?”

ತೆರೆಗೆ ಬಗ್ಗಿ ನೋಡಿದೆ. ಆಯಿಯದು ಬಿಳಿ ಸೀರೆ, ಹಿಂದೆ ಬಿಳಿ ಪರದೆ. ತಲೆಯ ಮೇಲಿನ ಸೆರಗನ್ನೂ ಪರದೆಯೆಂದೇ ತಿಳಿದು, ಕೂದಲಿನ ಅಂಚಿಗೆ ಗೆರೆ ಎಳೆದುಬಿಟ್ಟಿದ್ದೆ.

“ಲಗ್ನಾಗಿ ಬಂದಾಗಿಂದ ಆ ಮುದುಕಿ ಮಂದಿ ಮುಂದ ತಲಿಮ್ಯಾಲಿನ ಸೆರಗ ತಗದಿಲ್ಲ. ನೀ ಮೌಸ್ ಹಿಡದು ತಗದಿ!”

ಮರುದಿನವೇ ಮದುವೆಮನೆಯವರು ಕ್ಯಾಸೆಟ್ ನೋಡಲು ಬರುವವರಿದ್ದರು. “ಆ ಶಾಟ ತಗದ ಒಗೀರಿ,” ಎಂದು ಅಣ್ಣಾರು ಹೊರಟೇಹೋದರು. ನಾನು ಕೌಂಟರಿನ ಕಡೆ ನೋಡಿದೆ.

ವೈನಿ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು. ಮೌಸನ್ನು ಅವರು ಒಮ್ಮೆಯೂ ಮುಟ್ಟಿದವರಲ್ಲ.

“ನಿಂತ ಚಿತ್ರದಾಗ ಹುಡಕಬ್ಯಾಡ ತಂಗಿ. ಓಡಸಿ ನೋಡು. ಅಳ್ಳಾಡೋದು ಸೆರಗು, ನಿಂತದ್ದು ಪಡದಾ.”

ಓಡಿಸಿದೆ. ಬಿಳುಪಿನೊಳಗಿಂದ ಬಿಳುಪು ಬೇರೆಯಾಗಿ ಕಂಡಿತು! ಒಂದೊಂದೇ ಚಿತ್ರಕ್ಕೆ ಗೆರೆ ಮೇಲೆತ್ತುತ್ತ ಹೋದೆ. ತಪ್ಪಿದಾಗ ವೈನಿ ತೆರೆಯ ಮೇಲೆ ಕಿರುಬೆರಳಿಟ್ಟು ತೋರಿಸುತ್ತಿದ್ದರು, ಬೈಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

ಮರುದಿನ ಆಯಿ ತಮ್ಮನ್ನು ತಾವೇ ಟಿವಿಯಲ್ಲಿ ನೋಡಿ ಬಿದ್ದುಬಿದ್ದು ನಕ್ಕರು. “ಅಯ್ಯ, ಇನ್ನೂ ಜೀವಂತ ಅದೀನಿ, ಈಗ ಸ್ವರ್ಗಕ್ಕ ಕಳಿಸಿದ್ರೇನ? ಯಾರ್ ಮಾಡ್ಯಾರ ಇದನ್ನ?”

ಅಣ್ಣಾರು ರೂಢಿಯಂತೆ ಹೆಂಡತಿಯ ಕಡೆ ಕೈ ತೋರಿಸಿದರು. ವೈನಿ ನನ್ನ ರಟ್ಟೆ ಹಿಡಿದು ಮುಂದೆ ತಂದರು. “ನನ್ನ ಕೈ ಅಲ್ರಿ ಅದು. ಇಕೀದು.”

ಕೌಂಟರಿಗೆ ನಾನು ಮತ್ತೆ ಹೋಗಲಿಲ್ಲ. ಅಥಣಿ, ರಾಯಬಾಗದಿಂದಲೂ ಮದುವೆಯವರು ನಮ್ಮ ಸ್ಟುಡಿಯೋ ಹುಡುಕಿಕೊಂಡು ಬಂದರು. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ, ಅದನ್ನು ಮುಚ್ಚಿಡುವ ಜಾತಿ ನಾನಲ್ಲ.

ವೈನಿ ತೀರಿಕೊಂಡ ದಿನ ಮನೆಯ ತುಂಬ ಜನ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಯಾರೆಂದು ದೂರದ ನೆಂಟರೊಬ್ಬರು ವಿಚಾರಿಸಿದರು. ಅಣ್ಣಾರು ಕಣ್ಣೊರೆಸಿಕೊಂಡು, “ನಮ್ಮಾಕಿ ಕೈಯಾಗ ಕಲ್ತಾಕಿರಿ,” ಎಂದರು. ಅದಕ್ಕಿಂತ ದೊಡ್ಡ ಬಿರುದು ನನಗೆ ಇನ್ನೂ ಸಿಕ್ಕಿಲ್ಲ.