ಜೋಗುಳದ ನಡುವಿನ ಉಸಿರು

ಮೋರಟಗಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಜೋಗುಳ ಹಾಡಲು ಶೇವಂತೆವ್ವನಿಗೆ ಕರೆ ಹೋಗುತ್ತಿತ್ತು. ಗಂಡ ಧರೆಪ್ಪನಿಗೆ ಆಲಮಟ್ಟಿ ಕಾಲುವೆಯ ಗೇಟು ನೋಡಿಕೊಳ್ಳುವ ನೌಕರಿ. ರಜೆ ಸಿಕ್ಕಾಗ ಮಾತ್ರ ಊರಿಗೆ ಬರುತ್ತಿದ್ದ. ಅವಳ ಹಾಡನ್ನು ಊರೆಲ್ಲ ಕೇಳಿತ್ತು. ಅವನು ಕೇಳಿದ್ದೇ ಕಡಿಮೆ. "ರಿಟೈರ್ ಆಗಲಿ, ದಿನಾ ಮುಂದ ಕುಂಡ್ರಿಸಿಕೊಂಡು ಹಾಡಸ್ತೇನಿ" ಎನ್ನುತ್ತಿದ್ದ. ಅಷ್ಟರೊಳಗೆ ಅವಳ ಹೃದಯ ನಿಂತುಹೋಯಿತು. ಒಲೆಯ ಮುಂದೆ ಕುಸಿದವಳು ಮತ್ತೆ ಏಳಲಿಲ್ಲ.

ಉಳಿದದ್ದು ಮಗಳು ಪ್ರಜ್ಞಾಳ ಮೊಬೈಲಿನಲ್ಲಿದ್ದ ಒಂದೇ ಜೋಗುಳ. ಪ್ರಜ್ಞಾಳ ಕೂಸಿಗೆ ಹೆಸರಿಟ್ಟ ದಿನ ಹಾಡಿದ್ದು. ಮೊಬೈಲಿನಲ್ಲಿ ಅದು ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು. ಒಳ್ಳೆಯ ಸ್ಟೀರಿಯೋ ಕೊಳ್ಳಲೇಬೇಕೆಂದು ಧರೆಪ್ಪ ಮಗಳನ್ನು ಕರೆದುಕೊಂಡು ಸಿಂದಗಿಗೆ ಹೋದ.

ಅಂಗಡಿಯ ಶಮಶುದ್ದೀನ ಮೊದಲು ಹೋಮ್ ಥಿಯೇಟರ್‌ನಲ್ಲಿ ಆ ಜೋಗುಳ ಹಚ್ಚಿದ. ಗೋಡೆ ನಡುಗಿತು.

"ಎದಿಗೆ ಗುದ್ದಿದಂಗ ಆಗತೈತಿ ಖರೆ," ಎಂದ ಧರೆಪ್ಪ. "ಆದ್ರ ಆಕಿ ಬಾವ್ಯಾಗ ಕುಂತು ಹಾಡಿದಂಗ ಕೇಳಸ್ತೈತ್ರಿ."

"ಅದು ಸಿನಿಮಾಕ್ಕ ಚಲೋರಿ ಕಾಕಾ. ಬರೇ ಧ್ವನಿಗಿ ಎರಡ ಸ್ಪೀಕರ್ ಸಾಕು. ಒಳಗ ಬರ್ರಿ."

ಒಳಕೋಣೆಯಲ್ಲಿ ಗೋಡೆಯಿಂದ ತುಸು ದೂರಕ್ಕೆ, ಕಿವಿಯ ಎತ್ತರದಲ್ಲಿ ಎರಡು ಸ್ಪೀಕರ್‌ಗಳಿದ್ದವು. ಶಮಶುದ್ದೀನ ಅವನನ್ನು ಎದುರಿಗೆ ಕೂರಿಸಿ ಅದೇ ಜೋಗುಳ ಹಚ್ಚಿದ. ತೊಟ್ಟಿಲ ಹಗ್ಗ ಕಿರುಗುಟ್ಟಿತು. ಬಳೆ ಸದ್ದಾಯಿತು. ಶೇವಂತೆವ್ವ ಅಲ್ಲೇ ನಿಂತು ಹಾಡಿದಂತಾಗಿ ಧರೆಪ್ಪ ತಲೆಯೆತ್ತಿ ನೋಡಿದ.

ಆಮೇಲೆ ಉಸಿರು ಕೇಳಿಸಿತು. ಸಾಲು ಮುಗಿದಾಗಲೆಲ್ಲ ಅವಳು ಉಸಿರನ್ನು ಕಷ್ಟಪಟ್ಟು ಎಳೆದುಕೊಳ್ಳುತ್ತಿದ್ದಳು. ಒಂದು ಕಡೆ ಮೆಲ್ಲಗೆ "ಯವ್ವಾ" ಎಂದಿದ್ದಳು. ಅದರ ಹಿಂದೆಯೇ ಅವತ್ತು ರಜೆಗೆ ಬಂದಿದ್ದ ಧರೆಪ್ಪನ ನಗುವಿನ ದನಿ: "ಇನ್ನೊಂದು ನುಡಿ ಹಾಡ, ಯಾಕ ನಿಲ್ಲಿಸ್ತೀ?" ಅವಳು ಹಾಡಿದ್ದಳು.

ಪ್ರಜ್ಞಾ ಸೆರಗು ಬಾಯಿಗೆ ಒತ್ತಿಕೊಂಡಳು. "ಅವತ್ತ ಅವ್ವ ಎದಿ ಉರೀತೈತಿ, ಪಿತ್ತ ಆಗೇತಿ ಅಂದಿದ್ಳಪಾ..."

ಶಮಶುದ್ದೀನ ಗುಂಡಿಯತ್ತ ಕೈ ಚಾಚಿದ. "ಆ ಉಸರಿನ ಸಪ್ಪಳ ಕಡಿಮಿ ಮಾಡಬಹುದ್ರಿ ಕಾಕಾ."

"ಬ್ಯಾಡ್ರಿ. ಇದ್ದಂಗ ಇರಲಿ. ಇದನ್ನ ಕಟ್ಟಿ ಕೊಡ್ರಿ."

ಈಗ ಧರೆಪ್ಪ ರಿಟೈರ್ ಆಗಿ ಊರಲ್ಲೇ ಇದ್ದಾನೆ. ಸಂಜೆಯಾದರೆ ಅವನ ಮನೆಯಿಂದ ಜೋಗುಳ ಕೇಳುತ್ತದೆ. ಹಬ್ಬಕ್ಕೆ ಬಂದ ಪ್ರಜ್ಞಾ ತಡೆಯಲಾರದೆ ಹೇಳಿದಳು: "ದಿನಾ ಇದನ್ನ ಕೇಳಿ ಯಾಕ ಜೀವಾ ಸುಟ್ಕೋತೀ ಅಪ್ಪಾ? ಬಂದ್ ಮಾಡ."

"ಆಕಿ ಇದ್ದಾಗ ನಾ ಕೇಳಲಿಲ್ಲವ್ವಾ," ಎಂದ ಧರೆಪ್ಪ.

ಅವಳು ಅಪ್ಪನ ಪಕ್ಕದಲ್ಲಿ ಕುಳಿತಳು. "ಯವ್ವಾ" ಎಂಬ ದನಿ ಬಂದಾಗ ಧರೆಪ್ಪ ನೀರು ತಂದುಕೊಡುವವನಂತೆ ಅರ್ಧ ಎದ್ದ. ಆಮೇಲೆ ಗೋಡೆ ಹಿಡಿದು ನಿಧಾನಕ್ಕೆ ಕುಳಿತುಕೊಂಡ.