ಅಪ್ಪನ ರೈಲಿಗೊಂದು ಪ್ರೊಸೆಸರ್

ನಮ್ಮ ಮನೆಯಲ್ಲಿ ಕಂಪ್ಯೂಟರ್ ಆಟದ ಹುಚ್ಚಿರುವುದು ನನಗೆ ಮತ್ತು ಅಪ್ಪನಿಗೆ. ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅಪ್ಪ ವಾಡಿಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದು ನಿವೃತ್ತನಾದವನು. ಗಾರ್ಡ್ ಎಂದರೆ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಕೂರುವವನು. ಇಡೀ ನೌಕರಿಯಲ್ಲಿ ಅವನು ನೋಡಿದ್ದು ಹಿಂದಕ್ಕೆ ಸರಿಯುವ ಹಳಿಯನ್ನೇ. ಹಾಗಾಗಿ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ರೈಲು ಓಡಿಸುವ ಆಟ ಹಾಕಿಕೊಟ್ಟ ದಿನ, ಡ್ರೈವರನ ಜಾಗದಲ್ಲಿ ಕೂತು ಹಳಿ ತನ್ನ ಕಡೆಗೇ ಬರುವುದನ್ನು ಕಂಡ ಅಪ್ಪ ಊಟಕ್ಕೆ ಕರೆದರೂ ಏಳಲಿಲ್ಲ.

ಆಗಲೇ ಅಪ್ಪನಿಗೆ ಗ್ಲಾಕೋಮಾ ಇರುವುದು ಗೊತ್ತಾಗಿತ್ತು. ನೋಟ ಬದಿಗಳಿಂದ ಒಳಕ್ಕೆ ಕಿರಿದಾಗುತ್ತ ಬರುತ್ತದೆ, ಹೋದದ್ದು ಮರಳುವುದಿಲ್ಲ, ಹನಿ ತಪ್ಪದೆ ಹಾಕಿದರೆ ಇದ್ದದ್ದು ಉಳಿದೀತು ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಇರುವ ನೋಟದಲ್ಲಿ ಅಪ್ಪ ಆಸೆಪಟ್ಟದ್ದು ಇದೊಂದು ಆಟಕ್ಕೆ. ಲ್ಯಾಪ್‌ಟಾಪಿಗೋ ಅದು ಭಾರ. ಚಿತ್ರ ತಡೆತಡೆದು ಬರುತ್ತಿತ್ತು. ಸಿಗ್ನಲ್ ಕಾಣುವಷ್ಟರಲ್ಲಿ ಗಾಡಿ ಅದನ್ನು ದಾಟಿರುತ್ತಿತ್ತು. ಕೆಂಪು ಸಿಗ್ನಲ್ ದಾಟುವುದನ್ನು ಅಪ್ಪ ಆಟದಲ್ಲೂ ಸಹಿಸುವವನಲ್ಲ.

"ಇದು ಪಾಪದ ಕೆಲಸ ಅದ, ಬಂದ್ ಮಾಡವ್ವ" ಎಂದ.

ಹೊಸ ಗೇಮಿಂಗ್ ಕಂಪ್ಯೂಟರನ್ನು ನಾನೇ ಜೋಡಿಸುತ್ತೇನೆಂದು ಹೊರಟೆ. ಕ್ಯಾಬಿನೆಟ್, ಬೋರ್ಡು, ದೊಡ್ಡ ಪರದೆ ಒಂದೊಂದಾಗಿ ಬಂದವು. ಉಳಿದದ್ದು ಪ್ರೊಸೆಸರ್, ಅಂಥ ಆಟದ ಭಾರ ಹೊರುವುದೇ ಅದು. ಅಲ್ಲಿಗೆ ನನ್ನ ಗಣಿತದ ಬುದ್ಧಿ ಕೈಕೊಟ್ಟಿತು. ಹೊಸ ಮಾದರಿ ಬರಲಿದೆ ಎಂಬ ಸುದ್ದಿ. ಅದು ಬಂದರೆ ಈಗಿನದರ ಬೆಲೆ ಇಳಿಯುತ್ತದೆ, ಆಗ ಕೊಂಡರಾಯಿತು. ಆದರೆ ಅಷ್ಟು ಕಾದ ಮೇಲೆ ಹೊಸದೇ ಯಾಕಾಗಬಾರದು? ಆ ಹೊಸದರ ಬೆನ್ನಿಗೇ ಇನ್ನೊಂದು ಬರುತ್ತದಂತೆ. ಚಿತ್ತಾಪುರಕ್ಕೆ ಹೋಗುವ ಬರುವ ರೈಲಿನಲ್ಲಿ ನನಗೆ ಇದೇ ಧ್ಯಾನ, ಮೊಬೈಲಿನಲ್ಲಿ ಇದೇ ವಿಡಿಯೋಗಳು. ಖಾಲಿ ಕ್ಯಾಬಿನೆಟ್ಟಿನೊಳಗೆ ವಾಡಿಯ ಸಿಮೆಂಟು ಕಾರ್ಖಾನೆಯ ಧೂಳು ಕೂರದಿರಲೆಂದು ಅವ್ವ ಅದಕ್ಕೆ ತನ್ನ ಹಳೇ ಸೀರೆ ಹೊದಿಸಿದಳು.

"ಆಡಕಿ ಮಾವ ತೊಗರಿ ಇಟ್ಟಂಗ ಇಟ್ಟಿ ನೋಡು" ಎಂದಳು.

ನಮ್ಮ ಕಡೆ ಈ ರೋಗ ಮನೆಮನೆಗೂ ಗೊತ್ತು. ಆಡಕಿಯ ನನ್ನ ಸೋದರಮಾವ ಒಂದು ಸಲ ರಾಶಿ ಮುಗಿಸಿ, ರೇಟು ಏರಲೆಂದು ತೊಗರಿ ಚೀಲಗಳನ್ನು ಪಡಸಾಲೆಯಲ್ಲಿ ಒಟ್ಟಿದ. ಏರಿತು. ಇನ್ನೂ ಏರಲಿ ಎಂದ. ಕೊನೆಗೆ ಚೀಲ ಬಿಚ್ಚಿದರೆ ಒಳಗೆ ನುಸಿಗಳ ಸಂಸಾರ. ಅದನ್ನು ಹೇಳಿಕೊಂಡು ಮಾವನೇ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ಮರುವರ್ಷ ಮತ್ತೆ ಒಟ್ಟುತ್ತಾನೆ.

"ಪ್ರೊಸೆಸರಿಗಿ ನುಸಿ ಹತ್ತಂಗಿಲ್ಲ ಬೇ" ಎಂದೆ.

"ನಿಮ್ಮಪ್ಪನ ಕಣ್ಣಿಗಿ ಹತ್ತಲಿಕತ್ತದಲ್ಲ" ಎಂದಳು ಅವ್ವ.

ಅಪ್ಪ ಒಳಗಿನಿಂದಲೇ, "ಹೊಸಾದೇ ಬರ್ಲಿ ಬಿಡು, ನಾ ಎಲ್ಲಿಗಿ ಹೋಗ್ತೀನಿ" ಎಂದ. ಅವನು ಯಾವಾಗಲೂ ಹೀಗೇ ಅನ್ನುತ್ತಿದ್ದ, ಅದನ್ನು ನಂಬುವುದು ನನಗೂ ಸುಲಭವಾಗಿತ್ತು.

ಆ ಸಂಜೆ ಅಪ್ಪ ಟಿವಿ ನೋಡುತ್ತಿದ್ದಾಗ ಅವ್ವ ಚಹಾ ತಂದು ಅವನ ಎಡಗಡೆ ಇಟ್ಟಳು. ಅಪ್ಪ ಕೈ ಚಾಚಿದ. ಬೆರಳು ಸ್ಟೂಲಿನ ಅಂಚು ಮುಟ್ಟಿತು, ಆಮೇಲೆ ಪೇಪರು, ಆಮೇಲೆ ಎಷ್ಟೋ ತಡಕಾಡಿ ಕಪ್ಪಿನ ಹಿಡಿ. ಹಿಂದಿನ ದೀಪಾವಳಿಯ ಹೊತ್ತಿಗೆ ಅವನಿಗೆ ಹೀಗೆ ತಡಕುವ ಗರಜೇ ಇರಲಿಲ್ಲ. ಅವ್ವ ಬೇಕಂತಲೇ ಅಲ್ಲಿ ಇಟ್ಟಿದ್ದಳೇನೋ. ನಾನು ಇವತ್ತಿಗೂ ಕೇಳಿಲ್ಲ. ನೋಡುತ್ತಿದ್ದ ವಿಡಿಯೋವನ್ನು ಅರ್ಧಕ್ಕೇ ನಿಲ್ಲಿಸಿ, ಆಗ ಸಿಗುತ್ತಿದ್ದ ಪ್ರೊಸೆಸರನ್ನೇ ಆರ್ಡರ್ ಮಾಡಿಬಿಟ್ಟೆ. ನನಗೆ ಅಳು ಬಂದಿತ್ತು, ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದೆ.

ಭಾನುವಾರ ಪಡಸಾಲೆಯ ಶಹಾಬಾದ ಫರ್ಸಿಕಲ್ಲಿನ ನೆಲದ ಮೇಲೆ ಎಲ್ಲವನ್ನೂ ಹರಡಿಕೊಂಡು ಕೂತೆ. ಅಪ್ಪ ಬ್ಯಾಟರಿಯ ಬೆಳಕು ಹಿಡಿದ. ಡಬ್ಬಿಯಿಂದ ತೆಗೆದ ಪ್ರೊಸೆಸರ್ ಬಿಸ್ಕತ್ತಿಗಿಂತ ಚಿಕ್ಕದಿತ್ತು.

"ಇಷ್ಟ್ ಸಣ್ಣದಕ್ಕ ಅಷ್ಟ್ ದಿನ ಪಂಚಾಯ್ತಿ ಮಾಡ್ದೇನವ್ವ" ಎಂದ ಅಪ್ಪ. ಮೂವರೂ ನಕ್ಕೆವು.

ಕೆಲವು ತಿಂಗಳಲ್ಲಿ ಹೊಸ ಮಾದರಿ ಬಂತು. ನಮ್ಮದಕ್ಕಿಂತ ಭಾಳ ಚಲೋ ಇದೆಯಂತೆ. ಇರಲಿ. ಸರಿಯಾದ ಹೊತ್ತಿಗೆ ನನ್ನ ಕಿವಿ ಹಿಂಡಿದ ಅವ್ವನಿಗೆ ನಾನು ಬಾಯಿಬಿಟ್ಟು ಏನೂ ಹೇಳಿಲ್ಲ. ಹೇಳಿದರೆ "ನಡಿ, ಜ್ವಾಳ ಹಸನ ಮಾಡು" ಎಂದಾಳು. ಆದರೆ ಆ ಯಂತ್ರದ ಗುಂಡಿ ಒತ್ತುವಾಗಲೆಲ್ಲ ಮನಸ್ಸಿನಲ್ಲೇ ಅವಳಿಗೊಂದು ಶರಣು ಮಾಡುತ್ತೇನೆ.

ಈಗ ಅಪ್ಪ ದಿನಾ ಸಂಜೆ ಗಾಡಿ ಓಡಿಸುತ್ತಾನೆ. ಇಡೀ ಪರದೆ ತನ್ನ ನೋಟದೊಳಗೆ ಕೂರಲೆಂದು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಮೊನ್ನೆ ನಾನು ಪಕ್ಕದಲ್ಲೇ ಕೂತಿದ್ದೆ. ಗಾಡಿ ಒಂದು ಗೇಟು ದಾಟುವಾಗ ಅಪ್ಪ ಬಲಗೈ ಎತ್ತಿ ಪರದೆಯ ಕಡೆ ಮೆಲ್ಲಗೆ ಬೀಸಿದ.

"ಯಾರಿಗಿ ಕೈ ಮಾಡ್ದೆಪ್ಪ?"

"ಗೇಟಿನವ ಬಾಜೂಕ ನಿಂತು ನಿಶಾನಿ ತೋರಿಸ್ದ. ನಾವೂ ಜವಾಬ್ ಕೊಡಬೇಕಲ್ಲ."

ನನಗೆ ಅಂಥವರು ಯಾರೂ ಕಂಡಿರಲಿಲ್ಲ, ಅಪ್ಪನ ಹಳೇ ನೆನಪೇ ಅದು ಎಂದುಕೊಂಡೆ. ಅಪ್ಪ ವಾಕಿಂಗಿಗೆ ಹೋದ ಮೇಲೆ ಅದೇ ದಾರಿಯಲ್ಲಿ ನಾನೇ ಗಾಡಿ ಓಡಿಸಿದೆ. ಪರದೆಯ ಎಡ ಅಂಚಿನಲ್ಲಿ, ಕಂಬದ ನೆರಳಿನಲ್ಲಿ, ಹಸಿರು ನಿಶಾನಿ ಹಿಡಿದ ಪುಟ್ಟ ಮನುಷ್ಯ ನಿಂತಿದ್ದ.